ಲಾಮುವಿನ ಹಾಯಿದೋಣಿಗಳ ಪಂದ್ಯ

ಬಂದರು, ಲಂಗರು, ನಾಖುದಾ. ಈ ಮೂರು ಮಾತುಗಳನ್ನು ಕರಾವಳಿಯ ಶ್ರೋತೃಗಳಿಗೆ ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನವರಿಗೂ ಮೊದಲಿನ ಎರಡು ಗೊತ್ತು. ಮೂರನೆಯದು ಹಡಗನ್ನು ನಡೆಸುವ ಯಜಮಾನನ ಹೆಸರು. ಈಗ ನೀವು ಅರಬ್ಬೀ ಸಮುದ್ರವನ್ನು ದಾಟಿ ಆಫ್ರಿಕಾದ ಪೂರ್ವ ತೀರದಲ್ಲಿ ಇಳಿದಿರಿ ಎನ್ನಿ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಬಂದರು ‘ಬಂದಾರಿ’, ಲಂಗರು ‘ನಾಂಗಾ’, ನಾಖುದಾ ‘ನಹೋಧಾ’. ಮೂರೂ ಪಾರಸಿ ಮೂಲದ ಮಾತುಗಳು. ಎರಡು ದಡಗಳಿಗೂ ಅವು ಹಾಯಿಹಡಗುಗಳ ಜೊತೆಯಲ್ಲೇ ಬಂದು ಇಳಿದವು.

ಈ ಹಡಗುಗಳನ್ನು ನಡೆಸಿದ್ದು ನಮಗೆ ಮಳೆ ತರುವ ಗಾಳಿಯೇ. ಅಲ್ಲಿನವರು ವರ್ಷವನ್ನು ಎರಡು ಗಾಳಿಗಳಿಂದ ಎಣಿಸುತ್ತಾರೆ. ನವೆಂಬರ್ ಡಿಸೆಂಬರಿನಿಂದ ಮಾರ್ಚಿಯವರೆಗೆ ಈಶಾನ್ಯದಿಂದ ಬೀಸುವುದು ಕಸ್ಕಾಝಿ. ಏಪ್ರಿಲ್ ಮೇ ತಿಂಗಳಿನಿಂದ ತೆಂಕಣದಿಂದ ಬೀಸುವುದು ಕೂಸಿ. ಕಸ್ಕಾಝಿಯಲ್ಲಿ ಅರಬಸ್ತಾನದಿಂದಲೂ ಗುಜರಾತಿನಿಂದಲೂ ಹಡಗುಗಳು ಆಫ್ರಿಕಾಕ್ಕೆ ಹೋಗುತ್ತಿದ್ದವು, ಕೂಸಿಯಲ್ಲಿ ಹಿಂದಿರುಗುತ್ತಿದ್ದವು. 1498ರಲ್ಲಿ ವಾಸ್ಕೋ ಡ ಗಾಮ ಮಾಲಿಂದಿಯಿಂದ ಹೊರಟು ಕಲ್ಲಿಕೋಟೆಯ ಕಡೆಗೆ ಬಂದದ್ದು ಈ ಗಾಳಿಯನ್ನು ಹಿಡಿದೇ, ಅದೂ ಅಲ್ಲಿ ಸಿಕ್ಕಿದ ದಾರಿ ಬಲ್ಲವನ ನೆರವಿನಿಂದ. ಹೊಸ ದಾರಿ ಕಂಡುಹಿಡಿದ ಕೀರ್ತಿಯನ್ನು ನಮ್ಮ ಪಾಠಪುಸ್ತಕಗಳು ಯಾರಿಗೆ ಕೊಟ್ಟವು ಎಂಬುದು ನಿಮಗೆ ಗೊತ್ತೇ ಇದೆ.

ಈ ತೀರದ ಉತ್ತರಕ್ಕೆ, ಮೊಂಬಾಸಾದಿಂದ ಸುಮಾರು 240 ಕಿಲೋಮೀಟರು ದೂರದಲ್ಲಿ, ಕೀನ್ಯಾ ದೇಶಕ್ಕೆ ಸೇರಿದ ಲಾಮು ದ್ವೀಪಸಮೂಹವಿದೆ. ಹವಳದ ಕಲ್ಲಿನ ಮನೆಗಳು, ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಬೇಕಾದ ಓಣಿಗಳು, ಸಾಮಾನು ಹೊರುವ ಕತ್ತೆಗಳು. ಈ ಹಳೆಯ ಪಟ್ಟಣವನ್ನು 2001ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎದುರಿಗೆ ಮಾಂಡಾ ದ್ವೀಪ, ಆಚೆಗೆ ಪಾಟೆ. ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದೆಂದರೆ ನೀರಿನ ಮೇಲೆಯೇ ಹೋಗುವುದು. ಮಾಂಡಾದ ಹಿಂಬದಿಯ ಕಿರಿದಾದ ಕಾಲುವೆಯಲ್ಲಿ ಉಬ್ಬರದ ಹೊತ್ತಿಗೆ ಮಾತ್ರ ದೋಣಿ ಸಾಗುತ್ತದೆ. ಹೊತ್ತು ತಪ್ಪಿದವರು ಮುಂದಿನ ಉಬ್ಬರದವರೆಗೆ ಕಾಂಡ್ಲಾ ಗಿಡಗಳ ನಡುವೆ ಕಾದಿರಬೇಕು.

ಅಲ್ಲಿನ ಚಿಕ್ಕ ಹಾಯಿದೋಣಿಗೆ ಮಶುವಾ ಎಂದು ಹೆಸರು, ದೊಡ್ಡದು ಜಹಾಝಿ. ಇನ್ನೂ ಹಳೆಯದಾದ ಮ್ಟೇಪೆ ಎಂಬುದೊಂದಿತ್ತು. ಅದಕ್ಕೆ ಮೊಳೆಯೇ ಇಲ್ಲ, ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹಾಯಿ ಕೂಡ ಚಾಪೆಯದೇ. ಇದನ್ನು ಬಡತನದ ಕೆಲಸವೆಂದು ತಿಳಿಯಬೇಡಿ. 1331ರ ಸುಮಾರಿಗೆ ಮೊಂಬಾಸಾ, ಕಿಲ್ವಾಗಳನ್ನು ಕಂಡು, ಮುಂದೆ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳಿಗೂ ಬಂದ ಇಬ್ನ್ ಬತೂತ ಇದಕ್ಕೆ ಕಾರಣ ಹೇಳಿದ್ದಾನೆ: ಈ ಸಮುದ್ರದಲ್ಲಿ ಬಂಡೆಗಳು ಹೆಚ್ಚು, ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿಕೊಡುತ್ತದೆ. ಮ್ಟೇಪೆ ಕಳೆದ ಶತಮಾನದ ಮೊದಲ ಭಾಗದಲ್ಲೇ ಕಣ್ಮರೆಯಾಯಿತು.

ಮಶುವಾ ಉಳಿದಿದೆ. ಲಾಮು ದ್ವೀಪದಲ್ಲೇ ಇರುವ ಮಟೊಂಡೋನಿ ಎಂಬ ಹಳ್ಳಿ ಇದಕ್ಕೆ ಪ್ರಸಿದ್ಧ. ಅಲ್ಲಿ ನಕ್ಷೆ ಎಂಬುದಿಲ್ಲ, ಅಳತೆಯೆಲ್ಲ ಕಣ್ಣಿನಲ್ಲಿ. ಪಕ್ಕೆಯೆಲುಬುಗಳಂತೆ ಒಳಗೆ ಬಾಗಿ ನಿಲ್ಲುವ ಮರಗಳಿಗಾಗಿ ಹುಟ್ಟಿನಿಂದಲೇ ಬಾಗಿದ ಕೊಂಬೆಗಳನ್ನು ಹುಡುಕಿ ತರುತ್ತಾರೆ. ಬಾಚಿ, ದಾರ ಸುತ್ತಿ ತಿರುಗಿಸುವ ಬೈರಿಗೆ, ಇವೇ ಹತಾರಗಳು. ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತುರುಕುತ್ತಾರೆ. ಕೊನೆಗೆ ಮೂತಿಯ ಎರಡು ಕಡೆಗೂ ಒಂದೊಂದು ದುಂಡನೆಯ ಕಣ್ಣು ಬರೆಯುತ್ತಾರೆ. ಕಣ್ಣಿಲ್ಲದ ದೋಣಿ ದಾರಿ ಕಾಣುವುದು ಹೇಗೆ?

ವಾರವೆಲ್ಲ ಈ ದೋಣಿಗಳು ಮೀನು ಹಿಡಿಯುತ್ತವೆ, ಮರಳು ತರುತ್ತವೆ, ಮಾಂಡಾದಿಂದ ಹವಳದ ಕಲ್ಲು ಹೇರಿಕೊಂಡು ಬರುತ್ತವೆ. ಪಂದ್ಯದ ದಿನ ಇವೇ ಓಟದ ದೋಣಿಗಳಾಗುತ್ತವೆ. ನಮ್ಮಲ್ಲಿ ಉಳುವ ಕೋಣ ಬೇರೆ, ಕಂಬಳದ ಕೋಣ ಬೇರೆ ಆಗಿಬಿಟ್ಟಿದೆ. ಅಲ್ಲಿ ಇನ್ನೂ ಹಾಗಾಗಿಲ್ಲ. ಪೈಗಂಬರರ ಜನ್ಮೋತ್ಸವವಾದ ಮೌಲಿದಿಯಲ್ಲಿ, ಲಾಮುವಿನ ಸಾಂಸ್ಕೃತಿಕ ಉತ್ಸವದಲ್ಲಿ, ಹೊಸ ವರ್ಷದ ದಿನ ಶೇಲಾ ಎಂಬ ಹಳ್ಳಿಯ ಮುಂದೆ ಪಂದ್ಯಗಳು ನಡೆಯುತ್ತವೆ. ಕತ್ತೆಗಳ ಓಟವೂ ಈಜಿನ ಸ್ಪರ್ಧೆಯೂ ಉಂಟು, ಆದರೆ ಊರಿನ ಮಾನ ನಿಲ್ಲುವುದು ದೋಣಿಯ ಮೇಲೆ.

ಲಾಮು, ಮಾಂಡಾಗಳ ನಡುವಿನ ಕಾಲುವೆಯಲ್ಲಿ ತೇಲುವ ಗುರುತುಗಳನ್ನಿಟ್ಟಿರುತ್ತಾರೆ. ಅವನ್ನು ಸುತ್ತಿ ಬರಬೇಕು. ಸುತ್ತಿ ಬರುವುದೆಂದ ಮೇಲೆ ಎಲ್ಲೋ ಒಂದು ಕಡೆ ಗಾಳಿಗೆ ಎದುರಾಗಿ ಹೋಗಲೇಬೇಕು. ಗಾಳಿಯಿಂದಲೇ ನಡೆಯುವ ದೋಣಿ ಗಾಳಿಗೆದುರಾಗಿ ಹೇಗೆ ಹೋದೀತು ಎಂದು ಕೇಳುತ್ತೀರಾ? ಒದ್ದೆಯಾದ ಕಲ್ಲಂಗಡಿ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡಿ. ಅದು ಮುಂದಕ್ಕೆ ಚಿಮ್ಮುತ್ತದೆ. ಒಂದು ಕಡೆಯಿಂದ ಹಾಯಿಯನ್ನು ಒತ್ತುವ ಗಾಳಿ, ಇನ್ನೊಂದು ಕಡೆಯಿಂದ ದೋಣಿಯ ಒಡಲನ್ನು ತಡೆಯುವ ನೀರು, ಇವೆರಡರ ನಡುವೆ ದೋಣಿ ಬೀಜದಂತೆ ಜಾರುತ್ತದೆ. ನೇರ ಎದುರಿಗೆ ಹೋಗಲಾರದು. ಓರೆಯಾಗಿ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ, ಘಟ್ಟದ ರಸ್ತೆಯಂತೆ ತಿರುವು ತಿರುವಾಗಿ ಏರಬೇಕು.

ಆ ತಿರುವುಗಳಲ್ಲೇ ಪಂದ್ಯದ ಜೀವವಿದೆ. ಈ ದೋಣಿಯ ಹಾಯಿ ಮುಕ್ಕೋನದ್ದು. ಕೂವೆಮರಕ್ಕೆ ಓರೆಯಾಗಿ ಏರಿಸಿದ ಒಂದು ಉದ್ದನೆಯ ಗಳುವಿನಿಂದ ಅದು ಇಳಿಬಿದ್ದಿರುತ್ತದೆ. ಗಾಳಿ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಬಂದಾಗ ಗಳುವೂ ಹಾಯಿಯೂ ಮರದ ಆಚೆಗೆ ಹೋಗಬೇಕು. ಅದಕ್ಕಾಗಿ ದೋಣಿಯ ಬೆನ್ನನ್ನು ಗಾಳಿಗೆ ತಿರುಗಿಸಿ, ಗಳುವನ್ನು ಮರಕ್ಕೆ ಒತ್ತಾಗಿ ನೆಟ್ಟಗೆ ನಿಲ್ಲಿಸಿ, ಹಾಯಿಯ ತುದಿಯನ್ನು ಮರದ ಮುಂದಿನಿಂದ ಸುತ್ತಿಸಿ ತರುತ್ತಾರೆ. ಆ ಕೆಲವು ಗಳಿಗೆ ಬಟ್ಟೆ ಯಾರ ಮಾತನ್ನೂ ಕೇಳದು. ಒಬ್ಬನ ಕೈ ತಡವಾದರೆ ದೋಣಿ ಮಗುಚುತ್ತದೆ. ಇತ್ತ ಮರಳಿನ ಚೀಲಗಳನ್ನು ಗಾಳಿಯ ಕಡೆಗೆ ಎಳೆದು ಹಾಕಬೇಕು. ದೋಣಿಯಿಂದ ಹೊರಕ್ಕೆ ಚಾಚಿದ ಹಲಗೆಯೊಂದಿರುತ್ತದೆ. ಹುಡುಗರು ಅದರ ಮೇಲೆ ಸರಿದು ನೀರಿನ ಮೇಲೆ ಕುಳಿತು ತಮ್ಮ ಮೈಭಾರದಿಂದ ವಾಲಿದ ದೋಣಿಯನ್ನು ಎತ್ತಿ ಹಿಡಿಯುತ್ತಾರೆ. ಗಾಳಿ ಫಕ್ಕನೆ ನಿಂತಿತೋ, ಅಷ್ಟೂ ಮಂದಿ ಒಳಕ್ಕೆ ಓಡಿಬರಬೇಕು. ನಹೋಧಾ ಚುಕ್ಕಾಣಿ ಹಿಡಿದು ಮುಂದಿನ ನೀರಿನ ಬಣ್ಣವನ್ನೇ ನೋಡುತ್ತಿರುತ್ತಾನೆ. ನೀರು ಕಪ್ಪಾಗಿ ಸುಕ್ಕುಗಟ್ಟಿದ ಕಡೆ ಗಾಳಿಯಿದೆ, ಬಿಳುಪಾಗಿ ಕಂಡಲ್ಲಿ ಮರಳಿನ ದಿಬ್ಬವಿದೆ. ದಡದ ಮೇಲಿನ ಮುದುಕರಲ್ಲಿ ಅವನ ತಪ್ಪುಗಳನ್ನು ಎಣಿಸದವರು ಯಾರೂ ಇಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ; ಆಟ ನೋಡುವ ಮುದುಕರು ಎಲ್ಲ ದೇಶದಲ್ಲೂ ಒಂದೇ.

ಇದೆಲ್ಲ ಇನ್ನೆಷ್ಟು ದಿನ? ದೂರದ ವ್ಯಾಪಾರ ಎಂದೋ ಹೋಯಿತು. ಕಾಂಡ್ಲಾ ಮರದ ಕಂಬಗಳನ್ನು ತುಂಬಿಕೊಂಡು ಅರಬಸ್ತಾನಕ್ಕೆ ಮರಳುತ್ತಿದ್ದ ದೊಡ್ಡ ಹಡಗುಗಳ ಕೆಲಸ, 1982ರಲ್ಲಿ ಕೀನ್ಯಾ ಸರಕಾರ ಆ ರಫ್ತನ್ನು ನಿಷೇಧಿಸಿದಾಗ ಮುಗಿಯಿತು. ಊರಿಂದೂರಿಗೆ ಜನರನ್ನು ಒಯ್ಯುವ ದೋಣಿಗಳಿಗೆ ಎಂಜಿನ್ನುಗಳು ಬಂದಿವೆ. 2021ರಲ್ಲಿ ಲಾಮುವಿನ ಹತ್ತಿರ ಭಾರಿ ಹಡಗುಗಳ ಹೊಸ ಬಂದರಿನ ಮೊದಲ ಕಟ್ಟೆ ತೆರೆಯಿತು. ಆ ಕಾಮಗಾರಿಯಿಂದ ಮೀನುಗಾರಿಕೆ ಕೆಟ್ಟಿತೆಂದು ಮೀನುಗಾರರು ನ್ಯಾಯಾಲಯಕ್ಕೆ ಹೋಗಿದ್ದರು. 2018ರಲ್ಲಿ ಅವರಿಗೆ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಎಂಜಿನ್ನು ಕೊಂಡವನನ್ನು ನಾವು ದೂರುವಂತಿಲ್ಲ. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಸಾಗಿಸುವವನಿಗೆ ಗಾಳಿಗಾಗಿ ಕಾಯಿರಿ ಎಂದು ಯಾರು ಹೇಳಿಯಾರು? ಆದರೆ ಹಾಯಿಯನ್ನು ಹೊಲಿಯುವ, ಗಳುವನ್ನು ತಿರುಗಿಸುವ, ನೀರಿನ ಬಣ್ಣ ಓದುವ ವಿದ್ಯೆ ದಿನದ ಅಗತ್ಯದಿಂದ ಹೊರಗೆ ಬಿದ್ದರೆ, ಹುಡುಗರು ಅದನ್ನು ಯಾತಕ್ಕಾಗಿ ಕಲಿಯಬೇಕು? ಪಂದ್ಯವೊಂದೇ ಈಗ ಅವರಿಗೆ ಕೊಡಬಹುದಾದ ಉತ್ತರ. ಶೇಲಾದ ದೋಣಿಯನ್ನು ಸೋಲಿಸಬೇಕೆಂಬ ಹಟ ಮಟೊಂಡೋನಿಯ ಹುಡುಗನಿಗೆ ಇರುವವರೆಗೆ ಅವನ ತಾತನ ಬಾಚಿಗೆ ಕೆಲಸವುಂಟು.

ಆ ಬಾಚಿಗೆ ವಿಚಿತ್ರವಾದ ಕೆಲಸವೂ ಒಮ್ಮೆ ಸಿಕ್ಕಿತು. ಕಡಲು ತೀರಕ್ಕೆ ತಂದು ಹಾಕುವ ಪ್ಲಾಸ್ಟಿಕ್ ಕಸವನ್ನು ಕರಗಿಸಿ ಹಲಗೆ ಮಾಡಿ, ಲಾಮುವಿನ ಬಡಗಿಗಳು ಸುಮಾರು 9 ಮೀಟರು ಉದ್ದದ ಹಾಯಿದೋಣಿಯೊಂದನ್ನು ಕಟ್ಟಿದರು. ಮೈಗೆಲ್ಲ ಬಣ್ಣಬಣ್ಣದ ಹಳೆಯ ಹವಾಯಿ ಚಪ್ಪಲಿಗಳ ಹೊದಿಕೆ. ಹೆಸರೂ ‘ಫ್ಲಿಪ್‌ಫ್ಲಾಪಿ’ ಎಂದೇ. 2018ರಲ್ಲಿ ಅದನ್ನು ನೀರಿಗಿಳಿಸಿದರು. ಮರುವರ್ಷದ ಆರಂಭದಲ್ಲಿ, ಕಸ್ಕಾಝಿ ಬೀಸುತ್ತಿದ್ದ ದಿನಗಳಲ್ಲಿ, ಅದು ಲಾಮುವಿನಿಂದ ಹೊರಟು ಸುಮಾರು 500 ಕಿಲೋಮೀಟರು ತೆಂಕಣಕ್ಕೆ ಸಾಗಿ ಝಾಂಜಿಬಾರನ್ನು ಮುಟ್ಟಿತು.