ಅಂತರಜಾಲದ ಬಾಗಿಲು ಮತ್ತು ನಮ್ಮ ಮಕ್ಕಳ ಕನ್ನಡ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಮಕ್ಕಳು ಈಗ ಪಾಠದ ವಿಷಯಗಳನ್ನು ಮೊಬೈಲಿನಲ್ಲೂ ಹುಡುಕುತ್ತಾರೆ. ಅಂಗಡಿಯಲ್ಲಿ ಕನ್ನಡ ಪುಸ್ತಕ ಸುಲಭವಾಗಿ ಸಿಗದ ನಮ್ಮ ಕಡೆ ಅದೊಂದು ದೊಡ್ಡ ಆಸರೆ. ಆದರೆ ಈ ಬಾಗಿಲು ಸದಾ ತೆರೆದೇ ಇರುತ್ತದೆಂದು ನಂಬಿ ಕೂರಬಾರದು. ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಕೆಲವು ಜಾಲತಾಣಗಳು ಒಂದು ದೇಶದವರಿಗೆ ತೆರೆದಿದ್ದು, ಇನ್ನೊಂದು ದೇಶದವರಿಗೆ ಮುಚ್ಚಿರುತ್ತವೆ. ಪಿನ್‌ಕೋಡ್ ನೋಡಿ ಅಂಚೆಯವರು ಊರು ತಿಳಿಯುವಂತೆ, ನಮ್ಮ ಸಂಪರ್ಕದ ಐ.ಪಿ. ಸಂಖ್ಯೆಯಿಂದ ತಾಣದವರು ದೇಶವನ್ನು ತಿಳಿಯುತ್ತಾರೆ. ಪರದೆಯ ಮೇಲೆ 451 ಎಂದು ಬಂದರೆ, ಕಾನೂನಿನ ಕಾರಣಕ್ಕೆ ಈ ಪುಟ ಸಿಗದು ಎಂದರ್ಥ.

ಹೀಗೇಕೆ ಮಾಡುತ್ತಾರೆ? ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವವರಿಗೆ ಇದು ಬೇಗ ಅರ್ಥವಾದೀತು. 1990ರ ದಶಕದಲ್ಲಿ ಜರ್ಮನಿ ಕೆಲವು ಅಜೋ ಬಣ್ಣಗಳನ್ನು ನಿಷೇಧಿಸಿತು. ಅಲ್ಲಿಗೆ ಮಾಲು ಕಳಿಸಬೇಕಾದರೆ ಬಣ್ಣ ಬದಲಿಸಬೇಕು, ಪರೀಕ್ಷೆ ಮಾಡಿಸಬೇಕು. ಆ ಖರ್ಚು ತಾಳದವನು ಆರ್ಡರನ್ನೇ ಬಿಡಬೇಕು.

ಜಾಲತಾಣದ ಲೆಕ್ಕವೂ ಅಷ್ಟೇ. 2018ರ ಮೇ 25ರಂದು ಐರೋಪ್ಯ ಒಕ್ಕೂಟದಲ್ಲಿ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಾರಿಗೆ ಬಂತು. ತಪ್ಪಿದರೆ 2 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇ. 4, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ. ಅಂದೇ ಲಾಸ್ ಏಂಜಲೀಸ್ ಟೈಮ್ಸ್, ಚಿಕಾಗೊ ಟ್ರಿಬ್ಯೂನ್ ಮುಂತಾದ ಅಮೆರಿಕದ ಪತ್ರಿಕೆಗಳು ಯುರೋಪಿನ ಓದುಗರಿಗೆ ತಮ್ಮ ತಾಣ ಮುಚ್ಚಿದವು.

ಕೆನಡಾದಲ್ಲಿ ಸುದ್ದಿಸಂಸ್ಥೆಗಳಿಗೆ ಹಣ ಕೊಡಬೇಕೆಂಬ ಕಾನೂನು ಬಂದಾಗ, 2023ರ ಆಗಸ್ಟ್‌ನಲ್ಲಿ ಮೆಟಾ ಕಂಪನಿ ಫೇಸ್‌ಬುಕ್ಕಿನಲ್ಲಿ ಅಲ್ಲಿಯವರಿಗೆ ಸುದ್ದಿ ತೋರಿಸುವುದನ್ನೇ ನಿಲ್ಲಿಸತೊಡಗಿತು. ಹೊರದೇಶದ ಪತ್ರಿಕೆಗಳ ಸುದ್ದಿಯೂ ಅದರಲ್ಲಿ ಸೇರಿತ್ತು. ಹೀಗಾಗಿ ಅಲ್ಲಿರುವ ಕನ್ನಡಿಗನಿಗೆ ತನ್ನೂರಿನ ಪತ್ರಿಕೆಯ ಸುದ್ದಿಯೂ ಫೇಸ್‌ಬುಕ್ಕಿನಲ್ಲಿ ಇಲ್ಲವಾಯಿತು. ಕನ್ನಡದ ಮೇಲೆ ಯಾರಿಗೂ ದ್ವೇಷವಿರಲಿಲ್ಲ. ಬಾಗಿಲಲ್ಲಿ ಕೇಳಿದ್ದು ದೇಶ ಯಾವುದೆಂದು ಮಾತ್ರ.

ಇಂತಹ ಅನುಭವ ನಮಗೆ ಹೊಸತಲ್ಲ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು, ನಾವು ಇತ್ತ ಉಳಿದೆವು. ಗಡಿ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕಲ್ಪಿಸಲು ರಾಜ್ಯ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಜಾಲತಾಣದ ಮಾಲೀಕನಿಗೆ ಅಂತಹ ಹೊಣೆಯೇನೂ ಇಲ್ಲ.

ನಮ್ಮ ದೇಶದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಖಚಿತ ಒಪ್ಪಿಗೆ ಬೇಕೆನ್ನುತ್ತದೆ ಅದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಈ ಷರತ್ತಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಮಕ್ಕಳ ರಕ್ಷಣೆಗೆ ಇದು ಬೇಕಾದದ್ದೇ. ಆದರೆ ಖರ್ಚು ತಾಳದ ಹೊರದೇಶದ ಸಣ್ಣ ತಾಣದವನು ಭಾರತದ ಮಕ್ಕಳನ್ನೇ ಹೊರಗಿಟ್ಟರೆ ಆಶ್ಚರ್ಯವಿಲ್ಲ.

ಆದ್ದರಿಂದ ನನ್ನ ವಿನಂತಿ ಮೂರು. ಮೊದಲನೆಯದು, ಪಠ್ಯಪುಸ್ತಕ ಅಚ್ಚಿನಲ್ಲೇ ಸಕಾಲಕ್ಕೆ ಬರಲಿ ಎಂದು ಒತ್ತಾಯಿಸಿರಿ. "ಜಾಲದಲ್ಲಿದೆಯಲ್ಲ, ನೋಡಿಕೊಳ್ಳಿ" ಎಂಬ ಉತ್ತರ ಒಪ್ಪಬೇಡಿರಿ. ಎರಡನೆಯದು, ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿರುವ ಒಳ್ಳೆಯ ಕನ್ನಡ ಸಾಮಗ್ರಿಯನ್ನು ಇಳಿಸಿ, ಶಾಲೆಯಲ್ಲೊಂದು ಪ್ರತಿ ಇಡಿಸಿರಿ. ಮೂರನೆಯದು, ಒಪ್ಪಿಗೆಯ ಕೋರಿಕೆಯನ್ನು ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದು ಅದೇ 2023ರ ಕಾಯ್ದೆ ಹೇಳುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ. ನಾವು ಯಾವ ರಾಜ್ಯದಲ್ಲಿದ್ದೇವೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಗಡುವು ಮುಗಿದು ಒಪ್ಪಿಗೆ ಕೇಳಲು ಬಂದಾಗ ಕನ್ನಡದಲ್ಲೇ ಕೇಳಿರೆಂದು ಹೇಳಿರಿ. ಓದಿ ತಿಳಿಯದೆ ಒಪ್ಪಿಗೆ ಕೊಡಬೇಡಿರಿ.