ಹನ್ನೆರಡು ಮಂದಿಯ ಆರಾಧನೆ

ರಾಯಚೂರು, ದೇವದುರ್ಗ, ಮಾನ್ವಿ ಕಡೆ ಸೀರೆಯುಟ್ಟು ಚೌಡಿಕೆ ನುಡಿಸುವ ಜೋಗಪ್ಪಂದಿರನ್ನು ನೀವು ನೋಡಿರಬಹುದು. ತಲೆಯ ಮೇಲೆ ಎಲ್ಲಮ್ಮನ ಕೊಡವಿದ್ದಾಗ ಕೈಮುಗಿಯುವ ನಾವು, ಕೊಡ ಇಳಿಸಿದ ಮೇಲೆ ಅವರಿಗೆ ಬಾಡಿಗೆ ಮನೆ ಕೊಡಲೂ ಹಿಂಜರಿಯುತ್ತೇವೆ.

ಅಮೆರಿಕದ ಪಾದ್ರಿ ಟ್ರಾಯ್ ಪೆರಿ ಸಲಿಂಗಪ್ರೇಮಿಯೆಂಬ ಕಾರಣಕ್ಕೆ ತಮ್ಮ ಸಭೆಯನ್ನು ಕಳೆದುಕೊಂಡವರು. 1968ರ ಅಕ್ಟೋಬರ್ 6ರಂದು ಲಾಸ್ ಏಂಜಲೀಸ್ ಬಳಿಯ ತಮ್ಮ ಮನೆಯ ಪಡಸಾಲೆಯಲ್ಲೇ ಆರಾಧನೆ ನಡೆಸಿದರು. ಬಂದವರು 12 ಮಂದಿ! ಅದೇ ಹಲವು ದೇಶಗಳಿಗೆ ಹಬ್ಬಿದ ಮೆಟ್ರೋಪಾಲಿಟನ್ ಕಮ್ಯುನಿಟಿ ಚರ್ಚ್. ಅಲ್ಲಿ ‘ಬದಲಾಗಿ ಬನ್ನಿ’ ಎನ್ನುವುದಿಲ್ಲ. ಸಲಿಂಗ ಜೋಡಿಗಳನ್ನೂ ಹರಸುತ್ತಾರೆ.

ನಮ್ಮಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರಲ್ಲಿ. ಮನೆಯಿಂದ ದೂರಾಗಿದ್ದ ಜೋಗತಿ ಮಂಜಮ್ಮನವರು 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ, ಮೊದಲು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು.