ಮನೆಯಂಗಳದ ವಿದ್ಯುತ್ ಕಾರು: ಚಾರ್ಜರ್ ಆಯ್ಕೆ ಹೇಗೆ?



ಬೆಂಗಳೂರಿಗೆ ವಿದ್ಯುತ್ ಕಾರು ಹೊಸದೇನಲ್ಲ. ಚೇತನ್ ಮೈನಿ ಅವರ ಸಂಸ್ಥೆ ಇಲ್ಲಿಯೇ ತಯಾರಿಸಿದ ‘ರೇವಾ’ ಎಂಬ ಪುಟ್ಟ ಕಾರು 2001ರಲ್ಲಿ ರಸ್ತೆಗಿಳಿಯಿತು. ಅದರ ಸೀಸ-ಆಮ್ಲ ಬ್ಯಾಟರಿಗಳನ್ನು ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಜೋಡಿಸಿ ರಾತ್ರಿ ಬಿಟ್ಟರೆ, ಬೆಳಗಾಗುವಷ್ಟರಲ್ಲಿ ತುಂಬಿರುತ್ತಿದ್ದವು. ಇಂದು ಲಿಥಿಯಂ ಬ್ಯಾಟರಿಯ ದೊಡ್ಡ ಕಾರುಗಳು ಬಂದಿವೆ. ಜೊತೆಗೆ ಹೊಸ ಪ್ರಶ್ನೆಯೂ ಬಂದಿದೆ. ಮನೆಗೆ ಯಾವ ಚಾರ್ಜರ್ ತರಬೇಕು?

ಪದ್ಮನಾಭನಗರದ ನಮ್ಮ ಬೀದಿಯ ಒಂದು ಹಳೆಯ ಮನೆಗೆ ಇಂಥ ಕಾರು ಬಂತು. ಅಂಗಡಿಯಲ್ಲಿ 3.3, 7.4 ಮತ್ತು 11 ಕಿಲೋವ್ಯಾಟ್‌ನ ಮೂರು ಬಗೆಗಳನ್ನು ತೋರಿಸಿದರು. “ದೊಡ್ಡದೇ ಇರಲಿ” ಎಂದರು ಮನೆಯ ಯಜಮಾನರು. ಪಿಯುಸಿ ಓದುವ ಮಗಳು ಮಾತ್ರ ಕಾಗದ, ಪೆನ್ನು ಹಿಡಿದು ಲೆಕ್ಕಕ್ಕೆ ಕುಳಿತಳು.

ತಂದೆ ಕಚೇರಿಗೆ ಹೋಗಿಬರುವುದು ದಿನಕ್ಕೆ ಸುಮಾರು 40 ಕಿಲೋಮೀಟರ್. ಒಂದು ಯೂನಿಟ್ ವಿದ್ಯುತ್ತಿಗೆ ಕಾರು ಆರರಿಂದ ಏಳು ಕಿಲೋಮೀಟರ್ ಓಡಿದರೆ, ಚಾರ್ಜಿಂಗ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿ ದಿನಕ್ಕೆ ಏಳು ಯೂನಿಟ್ ಸಾಕು. 3.3 ಕಿಲೋವ್ಯಾಟ್ ಚಾರ್ಜರ್ ಗಂಟೆಗೆ 3.3 ಯೂನಿಟ್ ಕೊಡುತ್ತದೆ. ಎಂದರೆ ಎರಡು ಗಂಟೆಗೆ ಸ್ವಲ್ಪ ಹೆಚ್ಚು ಸಮಯ. ಕಾರೋ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸುಮ್ಮನೆ ನಿಂತಿರುತ್ತದೆ!

ಇನ್ನೊಂದು ಸಂಗತಿಯನ್ನೂ ಆಕೆ ಗಮನಿಸಿದಳು. ಗೋಡೆಯ ಮೇಲಿನ ಪೆಟ್ಟಿಗೆಯನ್ನು ನಾವು ಚಾರ್ಜರ್ ಎನ್ನುತ್ತೇವೆ. ವಾಸ್ತವವಾಗಿ ಅದು ಕಾರಿನೊಡನೆ ‘ಮಾತನಾಡಿ’ ವಿದ್ಯುತ್ತನ್ನು ಬಿಡುವ ಜಾಣ ಸ್ವಿಚ್ಚು ಮಾತ್ರ. ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಬದಲಿಸುವ ನಿಜವಾದ ಚಾರ್ಜರ್ ಕಾರಿನೊಳಗಿದೆ. ಅದರ ಸಾಮರ್ಥ್ಯ 3.3 ಕಿಲೋವ್ಯಾಟ್ ಆಗಿದ್ದರೆ, ಗೋಡೆಗೆ 11 ಕಿಲೋವ್ಯಾಟ್ ಪೆಟ್ಟಿಗೆ ಹಾಕಿದರೂ ಕಾರು ಕುಡಿಯುವುದು ಅಷ್ಟೇ. ಸಣ್ಣ ಕೊರಳಿನ ಬಾಟಲಿಗೆ ಎಷ್ಟು ದೊಡ್ಡ ಕೊಡದಿಂದ ನೀರು ಸುರಿದರೇನು? ಅಲ್ಲದೆ 11 ಕಿಲೋವ್ಯಾಟ್‌ಗೆ ಮೂರು ಫೇಸ್ ಸಂಪರ್ಕವೂ ಬೇಕು.

ಹಾಗಾದರೆ ಹಳೆಯ ಸಾಕೆಟ್ಟಿಗೇ ಜೋಡಿಸಿಬಿಡೋಣವೇ? ಬೇಡ. ಇಲ್ಲಿ ನಿಮ್ಮ ಭೌತಶಾಸ್ತ್ರದ ಪಾಠವನ್ನು ನೆನಪಿಸಿಕೊಳ್ಳಿ. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸಡಿಲವಾದ ಸಾಕೆಟ್ಟಿನಲ್ಲಿ 0.1 ಓಮ್ ರೋಧವಿದೆ ಎಂದಿಟ್ಟುಕೊಳ್ಳಿ. 15 ಆಂಪಿಯರ್ ಹರಿದರೆ ಅಲ್ಲಿ 22.5 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯ ಶಾಖವೂ ಹೆಚ್ಚುಕಡಿಮೆ ಇಷ್ಟೇ! ಗೀಸರ್ ಕಾಲು ಗಂಟೆಯಲ್ಲಿ ನಿಲ್ಲುತ್ತದೆ. ಕಾರು ಗಂಟೆಗಟ್ಟಲೆ, ಮನೆಯವರೆಲ್ಲ ಮಲಗಿರುವಾಗ ವಿದ್ಯುತ್ ಎಳೆಯುತ್ತದೆ.

ಆದ್ದರಿಂದ ಮೀಟರ್ ಬೋರ್ಡಿನಿಂದ ಕಾರಿಗೆಂದೇ ಪ್ರತ್ಯೇಕ ದಪ್ಪ ತಾಮ್ರದ ತಂತಿ, ಅದಕ್ಕೇ ಒಂದು ಎಂಸಿಬಿ ಇರಬೇಕು. ಎಂಸಿಬಿ ಕಾಯುವುದು ತಂತಿಯನ್ನು; ಮನುಷ್ಯರನ್ನು ಕಾಯಲು ಆರ್‌ಸಿಸಿಬಿ ಬೇಕು. 30 ಮಿಲಿಆಂಪಿಯರ್ ಸೋರಿದರೂ ಅದು ಸಂಪರ್ಕವನ್ನು ಕಡಿಯುತ್ತದೆ. ಮಳೆಯಲ್ಲಿ ಒದ್ದೆ ಕೈಯಿಂದ ಕಾರು ಮುಟ್ಟುವವರಿಗೆ ಇದು, ಮತ್ತು ಒಳ್ಳೆಯ ಅರ್ಥಿಂಗ್, ಪ್ರಾಣರಕ್ಷಕ. ಮನೆಗೆ ಮಂಜೂರಾದ ಲೋಡ್ ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು.

ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸಿದಾಗ ಆ ಮನೆಯ ಸಾಕೆಟ್ಟಿಗೆ ಅರ್ಥಿಂಗೇ ಇರಲಿಲ್ಲ! ಮೂರನೆಯ ತೂತು ಕೇವಲ ತೂತಾಗಿತ್ತು. ಎಷ್ಟು ವರ್ಷಗಳಿಂದ ಹಾಗಿತ್ತೋ, ಯಾರಿಗೂ ಗೊತ್ತಿಲ್ಲ. ದೊಡ್ಡ ಚಾರ್ಜರ್‌ಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಹೊಸ ಅರ್ಥಿಂಗ್ ಗುಂಡಿ, ತಂತಿ, ಆರ್‌ಸಿಸಿಬಿ ಬಂದವು. ಗೋಡೆಗೆ 3.3 ಕಿಲೋವ್ಯಾಟ್‌ನ ಪೆಟ್ಟಿಗೆ ಬಂತು.

ದಿನಕ್ಕೆ ನೂರಾರು ಕಿಲೋಮೀಟರ್ ಓಡಾಡುವವರಿಗೆ, ಕಾರಿಗೂ ಆ ಸಾಮರ್ಥ್ಯವಿದ್ದರೆ, 7.4 ಕಿಲೋವ್ಯಾಟ್ ಸರಿಯಾದೀತು. ಆದರೆ ಮೊದಲು ಲೆಕ್ಕ, ಆಮೇಲೆ ಖರೀದಿ. ನಿಮ್ಮ ಮನೆಯಲ್ಲಿ ಕಾರು ಇಲ್ಲದಿರಬಹುದು, ಸಾಕೆಟ್ಟಂತೂ ಇದೆ. ಅದರ ಮೂರನೆಯ ತೂತಿಗೆ ಅರ್ಥಿಂಗ್ ಇದೆಯೇ ಎಂದು ತಿಳಿದವರಿಂದ ಈ ವಾರವೇ ಪರೀಕ್ಷೆ ಮಾಡಿಸಿ.